ಆಕಸ್ಮಿಕ ಭಯವೂ ಅಭಯದಾನವೂ

ಜೈನ ಶಾಸ್ತ್ರಕಾರರು ಭಯವನ್ನು ಏಳು ಬಗೆಯಾಗಿ ವಿಂಗಡಿಸಿರುವರು. ಇಹಲೋಕಭಯ, ಪರಲೋಕಭಯ, ಅತ್ರಾಣಭಯ, ಅಗುಪ್ತಿಭಯ, ಮರಣಭಯ, ವೇದನಾಭಯ ಮತ್ತು ಆಕಸ್ಮಿಕಭಯ. ಮೊದಲಿನ ಆರನ್ನು ಕುರಿತು ಪ್ರವಚನಗಳಲ್ಲಿ ಸಾಕಷ್ಟು ವಿವರಣೆ ದೊರೆಯುತ್ತದೆ. ಏಳನೆಯದಕ್ಕೆ ಬಂದಾಗ ಸಿಡಿಲು, ಭೂಕಂಪ ಎಂದು ಎರಡು ಉದಾಹರಣೆ ಹೇಳಿ ಮುಂದೆ ಸಾಗುವುದು ವಾಡಿಕೆ. ಭೂಮಿ ನಡುಗಿ ನಿಂತ ಮೇಲೆ, ಬದುಕಿ ಉಳಿದವನ ಶರೀರದಲ್ಲಿ ಆ ಭಯ ಎಷ್ಟು ಕಾಲ ಮನೆ ಮಾಡಿಕೊಂಡಿರುತ್ತದೆ, ಆಗ ಅವನ ಸಾಧರ್ಮಿಕರ ಕರ್ತವ್ಯವೇನು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹುಬ್ಬಳ್ಳಿಯ ಒಂದು ಮನೆತನ ಈ ಪ್ರಶ್ನೆಯೊಡನೆ ಸುಮಾರು ಮೂರು ವರ್ಷ ಹೆಣಗಿತು. ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಆ ಮನೆಯವರು ಈ ವೃತ್ತಾಂತವನ್ನು ಪ್ರಕಟಿಸಲು ಒಪ್ಪಿದ್ದಾರೆ.

ಆ ಮನೆಯ ಹಿರಿಯರು ಬಟ್ಟೆಯ ವ್ಯಾಪಾರಿಗಳು. 2001ರ ಜನವರಿಯ ಕೊನೆಯ ವಾರದಲ್ಲಿ ಬಾಂಧಣಿ ಸೀರೆಗಳ ಖರೀದಿಗಾಗಿ ಒಡಹುಟ್ಟಿದ ತಮ್ಮನೊಡನೆ ಗುಜರಾತಿನ ಕಚ್ಛಕ್ಕೆ ಹೋಗಿ, ಭುಜ್ ಪಟ್ಟಣದ ಹಳೆಯ ಪೇಟೆಯಲ್ಲಿ ಇಳಿದುಕೊಂಡಿದ್ದರು. ಜನವರಿ 26, ಶುಕ್ರವಾರ, ಗಣರಾಜ್ಯೋತ್ಸವದ ದಿನ. ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಕಂಪನದ ಕೇಂದ್ರ ಭಚಾವು ಪಟ್ಟಣದ ಸಮೀಪದಲ್ಲಿತ್ತು. ಅದರ ಪರಿಮಾಣ ಏಳನ್ನು ಮೀರಿತ್ತು. ಅಂಜಾರ್ ಪಟ್ಟಣದಲ್ಲಿ ಧ್ವಜ ಹಿಡಿದು ಮೆರವಣಿಗೆಯಲ್ಲಿ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಇಕ್ಕಟ್ಟಾದ ಓಣಿಯ ಎರಡೂ ಬದಿಯ ಮನೆಗಳು ಉರುಳಿದವು. ಭುಜ್‌ನ ಸರಕಾರಿ ಆಸ್ಪತ್ರೆಯೇ ಕುಸಿದುಬಿತ್ತು. ಭದ್ರೇಶ್ವರದ ಪ್ರಾಚೀನ ಜೈನ ತೀರ್ಥವೂ ಜಖಂಗೊಂಡಿತು. ಸತ್ತವರು 13,000ಕ್ಕೂ ಹೆಚ್ಚೆಂದು ಸರಕಾರದ ಲೆಕ್ಕ. ಸುಮಾರು 20,000 ಎಂದು ಇತರ ಅಂದಾಜುಗಳು.

ನಡುಕ ಶುರುವಾದಾಗ ಹಿರಿಯರು ಓಣಿಯಲ್ಲಿ ನಿಂತಿದ್ದರು, ತಮ್ಮ ಮಹಡಿಯ ಕೋಣೆಯಲ್ಲಿದ್ದ. ಹಿರಿಯರನ್ನು ಎದೆಮಟ್ಟದ ಕಲ್ಲುಮಣ್ಣಿನಿಂದ ಮಧ್ಯಾಹ್ನದ ಹೊತ್ತಿಗೆ ಯಾರೋ ಅಪರಿಚಿತರು ಎಳೆದು ತೆಗೆದರು. ಮೂರನೆಯ ದಿನ ತಮ್ಮನ ಶವ ಸಿಕ್ಕಿತು. ಅಣ್ಣನಾದವರು ತಾವೇ ಗುರುತು ಹಿಡಿದು, ಅಲ್ಲಿಯೇ ಅಗ್ನಿಸಂಸ್ಕಾರ ಮಾಡಿ, ಒಬ್ಬರೇ ಹುಬ್ಬಳ್ಳಿಗೆ ಮರಳಿದರು. ಕಾಲಿನ ಎಲುಬು ಕೂಡಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಆಮೇಲೆ ಅವರು ಅಂಗಡಿಯ ಗಾದಿಯ ಮೇಲೆ ಕುಳಿತದ್ದನ್ನು ಕಂಡು ಊರಿನವರು, ದೊಡ್ಡ ಗಂಡಾಂತರ ಕಳೆಯಿತೆಂದು ಸಮಾಧಾನಪಟ್ಟರು.

ಗಂಡಾಂತರ ಕಳೆದಿರಲಿಲ್ಲವೆಂಬುದು ಮನೆಯವರಿಗೆ ಮಾತ್ರ ತಿಳಿದಿತ್ತು. ಅವರು ಮಹಡಿಯ ಮೇಲೆ ಮಲಗುವುದನ್ನು ಬಿಟ್ಟರು. ಪಡಸಾಲೆಯಲ್ಲಿ ತಲೆಬಾಗಿಲನ್ನು ತೆರೆದಿಟ್ಟು, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಒರಗುತ್ತಿದ್ದರು. ಬೀದಿಯಲ್ಲಿ ತುಂಬಿದ ಲಾರಿ ಹಾದುಹೋಗಿ ನೆಲ ಸಣ್ಣಗೆ ಅದುರಿದರೆ ಸಾಕು, ಮರುಕ್ಷಣದಲ್ಲಿ ಅಂಗಳದಲ್ಲಿ ನಿಂತಿರುತ್ತಿದ್ದರು. ಹೇಗೆ ಬಂದೆನೆಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷ ಬಾಯಲ್ಲೇ ಲೆಕ್ಕ ಮಾಡಿದವರು ಈಗ ಕಿರ್ದಿಯ ಒಂದು ಪುಟವನ್ನು ಮೂರು ಸಲ ಕೂಡಿದರೂ ತಾಳೆ ಬೀಳುತ್ತಿರಲಿಲ್ಲ. ಬಾಂಧಣಿಯ ಗಂಟನ್ನು ಅಂಗಡಿಯಲ್ಲಿ ಬಿಚ್ಚಗೊಡುತ್ತಿರಲಿಲ್ಲ. ಎದೆನೋವೆಂದು ಎರಡು ಬಾರಿ ಆಸ್ಪತ್ರೆ ಸೇರಿದರು, ಹೃದಯದ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಹೊಟ್ಟೆಯ ಉರಿಗೆ, ಬೆನ್ನಿನ ನೋವಿಗೆ ಬೇರೆಬೇರೆ ವೈದ್ಯರು ಬೇರೆಬೇರೆ ಗುಳಿಗೆ ಬರೆದುಕೊಟ್ಟರು. ಮೊಮ್ಮಕ್ಕಳ ನಗು ಕೇಳಿದರೂ ಮುಖದಲ್ಲಿ ಭಾವವಿರುತ್ತಿರಲಿಲ್ಲ. ತಮ್ಮನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಎಲ್ಲರ ಕಣ್ಣಿಗೂ ಬಿದ್ದ ಸಂಗತಿಯೆಂದರೆ ಅವರು ಬಸದಿಯ ಒಳಗೆ ಬರುವುದನ್ನು ನಿಲ್ಲಿಸಿದ್ದು. ಆ ವರ್ಷ ಬಸದಿಯ ಜೀರ್ಣೋದ್ಧಾರ ನಡೆದಿತ್ತು. ಹಳೆಯ ಗಾರೆ ಕೆರೆಯುವಾಗ ಸುಣ್ಣದ ಧೂಳು ಏಳುತ್ತಿತ್ತು. ಮೇಲೆ ಕಲ್ಲಿನ ಹಾಸು, ಕೆಳಗೆ ಸುಣ್ಣದ ಧೂಳು. ದಿನವೂ ಅಭಿಷೇಕಕ್ಕೆ ಮೊದಲಿಗರಾಗಿ ಬರುತ್ತಿದ್ದವರು ಮಾನಸ್ತಂಭದ ಬಳಿಯೇ ನಿಂತು ಕೈಮುಗಿದು ಹಿಂತಿರುಗತೊಡಗಿದರು. ವಿಶ್ವಸ್ತ ಮಂಡಳಿಯ ಹಿರಿಯರೊಬ್ಬರು ಒಮ್ಮೆ ಅವರಿಗೆ ಕೇಳಿಸುವಂತೆಯೇ ಹೇಳಿದರು: “ಸಮ್ಯಗ್ದೃಷ್ಟಿಗೆ ಏಳೂ ಭಯ ಇರೂದಿಲ್ಲ ಅಂತ ಶಾಸ್ತ್ರ ಹೇಳತೈತಿ. ಈ ಅಣ್ಣಾರ ಶ್ರದ್ಧೇನ ಸಡಿಲ ಆಗೇತಿ.” ಪೂರ್ವಜನ್ಮದ ಪಾಪಕರ್ಮದ ಫಲವೆಂದು ಇನ್ನೊಬ್ಬರು ಕೂಡಿಸಿದರು. ಈ ಎರಡು ಮಾತುಗಳನ್ನು ಕೇಳಿದ ಮೇಲೆ ಅವರು ಮಾನಸ್ತಂಭದವರೆಗೂ ಬರಲಿಲ್ಲ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ಇನ್ನೊಂದು ಪ್ರಮಾದ ನಡೆಯಿತು. ಕಚ್ಛದ ಸಂತ್ರಸ್ತರಿಗಾಗಿ ನಿಧಿ ಕೂಡಿಸುವ ಸದುದ್ದೇಶದಿಂದ ಮಂಡಳಿಯವರು ಅವರನ್ನು ವೇದಿಕೆಗೆ ಕರೆದು, ಕಂಡದ್ದನ್ನು ವಿವರವಾಗಿ ಹೇಳಬೇಕೆಂದು ಆಗ್ರಹಪಡಿಸಿದರು. ನಾಲ್ಕು ಮಾತು ಆಡುವಷ್ಟರಲ್ಲಿ ಧ್ವನಿ ನಿಂತಿತು. ತುಟಿ ಚಲಿಸುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಮೈಯೆಲ್ಲ ಬೆವೆತು ಅಲ್ಲಿಯೇ ಕುಸಿದರು. ಸಭೆ ಕಣ್ಣೀರಿಟ್ಟಿತು, ನಿಧಿಯೂ ಚೆನ್ನಾಗಿ ಕೂಡಿತು. ಅಂದಿನಿಂದ ಹದಿನೈದು ದಿನ ಅವರು ಮಾತನಾಡಲಿಲ್ಲ. ಅವರ ಧರ್ಮಪತ್ನಿಯವರು ಮಂಡಳಿಯ ಅಧ್ಯಕ್ಷರ ಮನೆಗೆ ತಾವೇ ಹೋಗಿ, “ಇನ್ನ ಮ್ಯಾಲೆ ನಮ್ಮ ಮನಿಯವರನ್ನ ಯಾವ ಸಭಾಕ್ಕೂ ಕರೀಬ್ಯಾಡ್ರಿ. ರೊಕ್ಕ ಬೇಕಂದ್ರ ನನ್ನ ಪಾಟಲಿ ಒಯ್ಯರಿ” ಎಂದು ಹೇಳಿ ಬಂದರು.

ಕೊನೆಗೆ ಮನೆಯ ವೈದ್ಯರ ಸಲಹೆಯಂತೆ ಅವರನ್ನು ಧಾರವಾಡದ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ಯಲಾಯಿತು. ಹುಚ್ಚಿನ ವೈದ್ಯರಲ್ಲಿಗೆ ಹೋದರೆಂಬ ಮಾತು ಹಬ್ಬಿದರೆ ಮೊಮ್ಮಗಳ ಮದುವೆಗೆ ತೊಡಕಾದೀತೆಂದು ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆದಿತ್ತು. ವೈದ್ಯರು ಮೊದಲ ದಿನ ಭೂಕಂಪದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ನಿದ್ರೆ ಹೇಗಿದೆ, ಊಟ ಹೇಗಿದೆ, ಅಂಗಡಿಯ ಲೆಕ್ಕ ಯಾವ ಪದ್ಧತಿಯದು ಎಂದು ವಿಚಾರಿಸಿದರು. ಎರಡನೆಯ ದಿನ ವ್ಯಾಪಾರಿಗೆ ವ್ಯಾಪಾರದ ಭಾಷೆಯಲ್ಲಿಯೇ ರೋಗವನ್ನು ವಿವರಿಸಿದರು.

ಮೆದುಳಿನ ಒಳಭಾಗದಲ್ಲಿ, ಎರಡೂ ಬದಿಗೆ ಬಾದಾಮಿಯಾಕಾರದ ಒಂದೊಂದು ಸಣ್ಣ ಅಂಗವಿದೆ. ಅದರ ಹೆಸರು ಅಮಿಗ್ಡಾಲ. ಅದು ಅಂಗಡಿಯ ಕಾವಲುಗಾರನಂತೆ. ಅಪಾಯದ ಸುಳಿವು ಸಿಕ್ಕೊಡನೆ, ಯಜಮಾನನನ್ನು ಕೇಳುವಷ್ಟು ಕಾಲವೂ ಕಾಯದೆ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಹೆಚ್ಚುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತ ಹೊಟ್ಟೆಯನ್ನು ಬಿಟ್ಟು ಕೈಕಾಲುಗಳ ಸ್ನಾಯುಗಳಿಗೆ ಹರಿಯುತ್ತದೆ. ಓಡುವುದಕ್ಕೆ ಇಲ್ಲವೆ ಎದುರಿಸುವುದಕ್ಕೆ ಶರೀರ ಸಿದ್ಧವಾಗುತ್ತದೆ. ಎರಡೂ ಸಾಧ್ಯವಿಲ್ಲದಾಗ ಮರಗಟ್ಟಿ ನಿಲ್ಲುವುದೂ ಉಂಟು. ಅದರ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಬಂದು, ಗಂಡಾಂತರ ಮುಗಿದ ಮೇಲೆ ಈ ಗಲಭೆಯನ್ನು ಶಮನಗೊಳಿಸಲು ನೆರವಾಗುತ್ತದೆ. ಇದು ಜೀವವನ್ನುಳಿಸುವ ವ್ಯವಸ್ಥೆ, ರೋಗವಲ್ಲ.

ಅಮಿಗ್ಡಾಲದ ಪಕ್ಕದಲ್ಲಿಯೇ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಅದು ಗುಮಾಸ್ತ. ನಡೆದದ್ದು ಎಲ್ಲಿ, ಎಂದು, ಯಾವುದರ ನಂತರ ಯಾವುದು ಎಂಬುದನ್ನು ಕ್ರಮವಾಗಿ ಕಿರ್ದಿಯಲ್ಲಿ ಬರೆದು ಖಾತೆಗೆ ಏರಿಸುವ ಕೆಲಸ ಅದರದು. ಹಣೆಯ ಹಿಂದಿರುವ ಮೆದುಳಿನ ಮುಂಭಾಗ ಯಜಮಾನನಂತೆ. ಗಂಟೆ ಬಾರಿಸಿದ್ದು ನಿಜವಾದ ಕಳ್ಳನಿಗಾಗಿಯೋ ಬೆಕ್ಕಿಗಾಗಿಯೋ ಎಂದು ವಿವೇಚಿಸಿ ಕಾವಲುಗಾರನನ್ನು ಸುಮ್ಮನಾಗಿಸುತ್ತದೆ. ಮಿತಿಮೀರಿದ ಆಘಾತದ ಹೊತ್ತಿನಲ್ಲಿ ಗುಮಾಸ್ತನ ಕೈ ನಡುಗುತ್ತದೆ. ಧೂಳಿನ ವಾಸನೆ, ಒಂದು ಕೂಗು, ಎದೆಯ ಮೇಲಿನ ಭಾರ ಇವು ಅಡ್ರಿನಲಿನ್ ಪ್ರಭಾವದಿಂದ ಅಳಿಸಲಾರದಷ್ಟು ಗಾಢವಾಗಿ ದಾಖಲಾಗುತ್ತವೆ. ಆದರೆ ಅವುಗಳ ಮುಂದೆ ತಾರೀಖು ಇರುವುದಿಲ್ಲ, ಸ್ಥಳ ಇರುವುದಿಲ್ಲ.

“ಯಾವ ಖಾತೆಗೆ ಸೇರಬೇಕೆಂದು ತಿಳಿಯದ ರಕಮನ್ನು ನೀವು ಎಲ್ಲಿ ಬರೆಯುತ್ತೀರಿ?” ಎಂದು ವೈದ್ಯರು ಕೇಳಿದರು.

“ಅನಾಮತ್ತು ಖಾತೇಕ್ಕ” ಎಂದರು ವ್ಯಾಪಾರಿಗಳು. ಆಸ್ಪತ್ರೆಯಲ್ಲಿ ಅವರಾಗಿ ಆಡಿದ ಮೊದಲ ಮಾತು ಅದು.

“ನಿಮ್ಮ ಜನವರಿ 26 ಇನ್ನೂ ಅನಾಮತ್ತು ಖಾತೆಯಲ್ಲಿದೆ. ಆದ್ದರಿಂದಲೇ ಲಾರಿ ಹೋದಾಗ, ಸುಣ್ಣದ ವಾಸನೆ ಬಂದಾಗ ಅದು ಇಂದಿನ ಬಾಬ್ತಾಗಿ ಎದುರು ನಿಲ್ಲುತ್ತದೆ. ಅದನ್ನು ಅಳಿಸಲು ಬರುವುದಿಲ್ಲ. ತಾರೀಖು ಹಾಕಿ ಸರಿಯಾದ ಖಾತೆಗೆ ವರ್ಗಾಯಿಸಬಹುದು.”

ಈ ವಿವರಣೆಯ ಹಿಂದೆ ದೀರ್ಘವಾದ ಇತಿಹಾಸವಿದೆ. ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದೆಯೂ ನಡುಗುವ, ಮಾತು ಕಳೆದುಕೊಂಡ ಸೈನಿಕರನ್ನು ಕಂಡ ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯರು 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವರದಿ ಪ್ರಕಟಿಸಿದರು. ಅಂಥ ಸೈನಿಕರಲ್ಲಿ ಕೆಲವರನ್ನು ಹೇಡಿಗಳೆಂದು ಶಿಕ್ಷಿಸಿದ್ದೂ ಉಂಟು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಕರ್ನಾಟಕಕ್ಕೂ ಈ ಶಾಸ್ತ್ರ ಹೊಸದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ತೀರಿಕೊಂಡಾಗ ನಿಮ್ಹಾನ್ಸ್ ಸಂಸ್ಥೆಯವರು ಅವರ ಬಂಧುಗಳ ದುಃಖವನ್ನು ಅಧ್ಯಯನ ಮಾಡಿದರು. 1984ರ ಡಿಸೆಂಬರಿನ ಭೋಪಾಲ್ ಅನಿಲ ದುರಂತದ ನಂತರ ಅದೇ ಸಂಸ್ಥೆಯ ಡಾ. ಆರ್. ಶ್ರೀನಿವಾಸಮೂರ್ತಿಯವರು ಅಲ್ಲಿನ ಸಾಮಾನ್ಯ ವೈದ್ಯಾಧಿಕಾರಿಗಳಿಗೆ ಮಾನಸಿಕ ಆರೈಕೆಯ ತರಬೇತಿ ಕೊಡುವುದರಲ್ಲಿ ಮುಂದಾದರು.

ವಿಜ್ಞಾನ ಈ ವಿಷಯದಲ್ಲಿ ಸಂಯಮದಿಂದಲೂ ಮಾತನಾಡುತ್ತದೆ. ರೋಗಿಗಳಲ್ಲಿ ಹಿಪೊಕ್ಯಾಂಪಸ್ ತುಸು ಚಿಕ್ಕದಾಗಿರುವುದನ್ನು ಕಂಡು, ಆಘಾತವೇ ಅದನ್ನು ಕುಗ್ಗಿಸಿತೆಂದು ಮೊದಲು ಭಾವಿಸಲಾಗಿತ್ತು. 2002ರಲ್ಲಿ ವಿಯೆಟ್ನಾಂ ಯೋಧರನ್ನೂ ಯುದ್ಧಕ್ಕೆ ಹೋಗದ ಅವರ ಅವಳಿ ಸೋದರರನ್ನೂ ಹೋಲಿಸಿ ನೋಡಿದಾಗ, ಮನೆಯಲ್ಲೇ ಉಳಿದ ಸೋದರರಲ್ಲಿಯೂ ಅದು ಚಿಕ್ಕದಾಗಿಯೇ ಇತ್ತು. ಅಂದರೆ ಕೆಲವರು ಹುಟ್ಟಿನಿಂದಲೋ ಬಾಲ್ಯದಿಂದಲೋ ಇಂಥ ಪೆಟ್ಟಿಗೆ ಹೆಚ್ಚು ಈಡಾಗುವವರಿರಬಹುದು. ಒಂದೇ ಕಂಪನ ಒಬ್ಬನನ್ನು ಮುರಿದು ಇನ್ನೊಬ್ಬನನ್ನು ಬಿಟ್ಟದ್ದು ಅವರವರ ಧೈರ್ಯದ ಅಳತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಶೇಕಡಾ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತವನ್ನು ಎದುರಿಸುತ್ತಾರೆ. ಅವರಲ್ಲಿ ಈ ಕಾಯಿಲೆಗೆ ತುತ್ತಾಗುವವರು ಶೇಕಡಾ 5.6ರಷ್ಟು. ಹೆಚ್ಚಿನವರು ಬಂಧುಗಳ ಆಸರೆಯಲ್ಲಿ, ಕಾಲಕ್ರಮದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಕಾವಲುಗಾರನ ಗಂಟೆ ನಿಲ್ಲುವುದೇ ಇಲ್ಲ. ವರ್ಷಗಟ್ಟಲೆ ಬಡಿಯುವ ಆ ಗಂಟೆಯಿಂದ ನಿದ್ರೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ನೋವು ಮೈಯಲ್ಲಿ ನೆಲೆಸುತ್ತದೆ, ಹೃದ್ರೋಗದ ಸಂಭವವೂ ಹೆಚ್ಚುತ್ತದೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಬಾಲ್ಯದಲ್ಲಿ ಹಿಂಸೆ, ಅನಾದರಗಳನ್ನು ಹೆಚ್ಚು ಕಂಡವರು ದೊಡ್ಡವರಾದ ಮೇಲೆ ಹೃದಯ, ಶ್ವಾಸಕೋಶ ಮುಂತಾದವುಗಳ ರೋಗಗಳಿಗೆ ಹೆಚ್ಚು ಗುರಿಯಾಗುತ್ತಾರೆಂದು ತೋರಿಸಿತು. ಮನಸ್ಸಿನ ಪೆಟ್ಟು ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ.

ಚಿಕಿತ್ಸೆ ಪ್ರಾರಂಭವಾದಾಗ ಒಂದು ಧರ್ಮಸಂಕಟ ಎದುರಾಯಿತು. ವೈದ್ಯರು ಬರೆದುಕೊಟ್ಟ ಗುಳಿಗೆಗಳಲ್ಲಿ ಒಂದನ್ನು ರಾತ್ರಿ ಮಲಗುವಾಗ ಸೇವಿಸಬೇಕಿತ್ತು. ವ್ಯಾಪಾರಿಗಳದು ಇಪ್ಪತ್ತು ವರ್ಷಗಳ ವ್ರತ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟುವವರಲ್ಲ. ಭೂಕಂಪ ತಮ್ಮಿಂದ ಎಲ್ಲವನ್ನೂ ಕಸಿದುಕೊಂಡಿದೆ, ಇದೊಂದನ್ನಾದರೂ ಬಿಡಲಾರೆ ಎಂದು ಅವರು ಹಟ ಹಿಡಿದರು. ಮಗ ಕೋಪಗೊಂಡ, ಪತ್ನಿ ಅತ್ತರು. ವೈದ್ಯರು ಜೈನರಲ್ಲ, ಆದರೂ ವ್ರತವನ್ನು ಮೂಢನಂಬಿಕೆಯೆಂದು ಹಳಿಯಲಿಲ್ಲ. ಮುಖ್ಯವಾದ ಔಷಧವನ್ನು ಬೆಳಗಿನ ಹೊತ್ತಿಗೂ ರಾತ್ರಿಯದನ್ನು ಸಂಜೆಯ ಊಟದ ಜೊತೆಗೂ ಬದಲಾಯಿಸಿಕೊಟ್ಟು, “ನಿಮ್ಮ ವ್ರತ ನಿಮಗೆ ಆಧಾರ. ಅದನ್ನು ಕಿತ್ತು ಔಷಧ ಕೊಟ್ಟರೆ ಔಷಧಕ್ಕೆ ನಿಲ್ಲಲು ನೆಲವೆಲ್ಲಿ?” ಎಂದರು. ರೋಗಿಯ ವಿಶ್ವಾಸವನ್ನು ಗಳಿಸಿದ್ದು ಆ ಒಂದು ಮಾತು.

ಉಸಿರಾಟವನ್ನು ನಿಧಾನಗೊಳಿಸುವ ಅಭ್ಯಾಸವನ್ನೂ ಕಲಿಸಲಾಯಿತು. ಉಸಿರನ್ನು ದೀರ್ಘವಾಗಿ ಹೊರಬಿಟ್ಟಾಗ ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ತಗ್ಗುತ್ತದೆ. ಒಂಬತ್ತು ಬಾರಿ ಣಮೋಕಾರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ಜಪಿಸುವ ಕಾಯೋತ್ಸರ್ಗ ಅವರಿಗೆ ಬಾಲ್ಯದಿಂದ ಪರಿಚಿತವಾದದ್ದೇ. ಆದರೆ ಕಣ್ಣು ಮುಚ್ಚಿ ಕುಳಿತರೆ ಕತ್ತಲೆಯಲ್ಲಿ ಹೂತುಹೋದಂತಾಗಿ ಗಾಬರಿ ಹೆಚ್ಚುತ್ತಿತ್ತು. ಬಯಲಿನಲ್ಲಿ ನಿಂತು, ಕಣ್ಣು ತೆರೆದೇ ಮಾಡಬಹುದೆಂದು ವೈದ್ಯರು ಹೇಳಿದರು. ಧ್ಯಾನ ಎಲ್ಲ ರೋಗಕ್ಕೂ ಮದ್ದೆಂದು ಸಂತ್ರಸ್ತರನ್ನು ಬಲವಂತವಾಗಿ ಕೂರಿಸುವವರು ಈ ಸೂಕ್ಷ್ಮವನ್ನು ಗಮನಿಸಬೇಕು.

ಇದರ ಜೊತೆಗೆ, ವಾರಕ್ಕೊಮ್ಮೆ ವೈದ್ಯರ ಎದುರಿನಲ್ಲಿ ಆ ದಿನವನ್ನು ಸ್ವಲ್ಪಸ್ವಲ್ಪವಾಗಿ ನೆನೆದು ಹೇಳುವ ಕ್ರಮ. ವೇದಿಕೆಯ ಮೇಲೆ ಹೇಳಿದ್ದಕ್ಕೂ ಇದಕ್ಕೂ ಅಂತರವಿದೆ. ಇಲ್ಲಿ ಕಾಲವೂ ವೇಗವೂ ಅವರದೇ. ಸಾಕೆಂದಾಗ ನಿಲ್ಲಿಸುವ ಅಧಿಕಾರವೂ ಅವರದೇ. ಆಘಾತವಾದೊಡನೆ ಒಂದೇ ಸಲಕ್ಕೆ ಎಲ್ಲವನ್ನೂ ಬಾಯಿಬಿಡಿಸಿದರೆ ಮನಸ್ಸು ಹಗುರಾಗುವುದೆಂಬ ನಂಬಿಕೆ ಹಿಂದೆ ವೈದ್ಯರಲ್ಲಿಯೂ ಇತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂಬುದು ಅನಂತರದ ಪರಿಶೀಲನೆಗಳಿಂದ ತಿಳಿದುಬಂದಿದೆ.

2002ರ ಚಾತುರ್ಮಾಸಕ್ಕೆ ಊರಿಗೆ ಬಂದಿದ್ದ ಮುನಿಗಳ ಕಿವಿಗೆ ‘ಶ್ರದ್ಧೆ ಸಡಿಲವಾದ’ ಶ್ರಾವಕರ ಸುದ್ದಿ ಬಿತ್ತು. ಅವರು ಪ್ರವಚನದಲ್ಲಿ ಯಾರ ಹೆಸರನ್ನೂ ಎತ್ತದೆ ಕರ್ಮಸಿದ್ಧಾಂತವನ್ನೇ ಬಿಡಿಸಿ ಹೇಳಿದರು. ಭಯವೆಂಬುದು ಒಂಬತ್ತು ನೋಕಷಾಯಗಳಲ್ಲಿ ಒಂದು. ಅದು ಚಾರಿತ್ರಮೋಹನೀಯದ ಭೇದ, ದರ್ಶನಮೋಹನೀಯದ್ದಲ್ಲ. ಅದರ ಉದಯ ಎಂಟನೆಯ ಗುಣಸ್ಥಾನದವರೆಗೂ ಇರುತ್ತದೆ. ಗೃಹಸ್ಥನಾದರೋ ಐದನೆಯದನ್ನು ದಾಟಿದವನಲ್ಲ. ಸಮ್ಯಗ್ದೃಷ್ಟಿಗೆ ಏಳು ಭಯಗಳಿಲ್ಲವೆಂಬುದರ ತಾತ್ಪರ್ಯ ಆತ್ಮಸ್ವರೂಪದ ಬಗ್ಗೆ ಅವನಿಗೆ ಶಂಕೆಯಿಲ್ಲವೆಂಬುದು. ಶಬ್ದವಾದಾಗ ಅವನ ಮೈ ಬೆಚ್ಚುವುದಿಲ್ಲವೆಂಬುದಲ್ಲ. ಆದ್ದರಿಂದ ಬೆಚ್ಚಿದವನನ್ನು ಮಿಥ್ಯಾದೃಷ್ಟಿಯೆನ್ನುವುದು ಶಾಸ್ತ್ರವನ್ನರಿಯದ ಮಾತು. ಇನ್ನು ಪಾಪಕರ್ಮದ ವಿಚಾರ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಎಣಿಸಿದ್ದಾರೆ. ಪರರಿಗೆ ದುಃಖವನ್ನೂ ಶೋಕವನ್ನೂ ಉಂಟುಮಾಡುವುದು ಅವುಗಳಲ್ಲಿ ಸೇರಿದೆ. ನೊಂದವನ ಎದುರು ನಿಂತು ಇದು ನಿನ್ನ ಕರ್ಮವೆಂದು ಚುಚ್ಚುವವನು ಅವನ ಕರ್ಮದ ಲೆಕ್ಕ ಹೇಳುತ್ತ ತನ್ನ ಖಾತೆಯನ್ನು ತುಂಬಿಕೊಳ್ಳುತ್ತಾನೆ. ಸಭೆ ನಿಶ್ಶಬ್ದವಾಗಿತ್ತು. ಆ ಮಾತನ್ನಾಡಿದ್ದ ಹಿರಿಯ ವಿಶ್ವಸ್ತರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು.

ಅದೇ ದಿನ ಒಬ್ಬ ತರುಣ ವಡ್ಡಾರಾಧನೆಯ ಪ್ರಸಂಗವನ್ನು ಎತ್ತಿ ಪ್ರಶ್ನಿಸಿದ. ಅಲ್ಲಿನ ಹತ್ತೊಂಬತ್ತು ಕಥೆಗಳ ಮಹಾಪುರುಷರು ಘೋರವಾದ ಉಪಸರ್ಗಗಳನ್ನು ಅಲುಗಾಡದೆ ಸಹಿಸಲಿಲ್ಲವೆ, ನಾವೇಕೆ ಅವರನ್ನು ಅನುಸರಿಸಬಾರದು ಎಂಬುದು ಅವನ ಶಂಕೆ. ಮುನಿಗಳ ಸಮಾಧಾನ ಹೀಗಿತ್ತು: ಅವರು ದೀಕ್ಷೆ ವಹಿಸಿ, ದೇಹದ ಮಮತೆಯನ್ನು ಬುದ್ಧಿಪೂರ್ವಕವಾಗಿ ತೊರೆದು, ಪರೀಷಹಗಳನ್ನು ಗೆಲ್ಲುವ ಅಭ್ಯಾಸ ಮಾಡಿದವರು. ಪೇಟೆಗೆ ಸೀರೆ ಕೊಳ್ಳಲು ಹೋದ ಗೃಹಸ್ಥನ ಮೇಲೆ ಮನೆ ಬಿದ್ದರೆ ಅವನಿಂದ ಸುಕುಮಾರಸ್ವಾಮಿಯ ಧೃತಿಯನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಅಂಥವನ ವಿಷಯದಲ್ಲಿ ಶ್ರಾವಕರಿಗೆ ವಿಧಿಸಿರುವುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರು: ಅವನ ದೌರ್ಬಲ್ಯವನ್ನು ಬಯಲಿಗೆ ಎಳೆಯದ ಉಪಗೂಹನ, ಜಾರುವವನನ್ನು ನಿಲ್ಲಿಸುವ ಸ್ಥಿತಿಕರಣ ಮತ್ತು ವಾತ್ಸಲ್ಯ.

ಚಿಕಿತ್ಸೆಯಿಂದ ನಿದ್ರೆ ಬಂದಿತು, ಲೆಕ್ಕವೂ ಕೂಡಿತು. ಆದರೂ ಒಂದು ಗಂಟು ಬಿಚ್ಚದೆ ಉಳಿದಿತ್ತು. ತಮ್ಮನ ಪತ್ನಿ ಅದೇ ಮನೆಯಲ್ಲಿದ್ದರು. ಅವರ ಎದುರು ಬಂದರೆ ಹಿರಿಯರು ತಲೆತಗ್ಗಿಸಿ ಹೋಗುತ್ತಿದ್ದರು. 2003ರ ಕ್ಷಮಾವಣಿಯ ದಿನ, ಮನೆಯವರೆಲ್ಲರೂ ಪರಸ್ಪರ ಕ್ಷಮೆ ಬೇಡುವಾಗ, ಅವರು ಆ ಹೆಣ್ಣುಮಗಳ ಎದುರು ಕೈಮುಗಿದು ನಿಂತು ಎರಡು ವರ್ಷ ಎಂಟು ತಿಂಗಳು ಯಾರಿಗೂ, ವೈದ್ಯರೊಬ್ಬರನ್ನು ಬಿಟ್ಟು, ಹೇಳದಿದ್ದ ಮಾತನ್ನು ಹೇಳಿದರು. ಆ ದಿನ ಇಬ್ಬರೂ ಕೆಳಗಿಳಿದು ಓಣಿಗೆ ಬಂದಿದ್ದರು. ಖರೀದಿಯ ವಹಿ ಕೋಣೆಯಲ್ಲೇ ಉಳಿದಿತ್ತು. ಹೋಗಿ ತಾ ಎಂದು ತಮ್ಮನನ್ನು ಮೇಲೆ ಕಳಿಸಿದವರು ಅವರೇ.

ಆ ಹೆಣ್ಣುಮಗಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಭಾವಾರ, ಅವರು ಯಾಕ ಮ್ಯಾಲೆ ಹೋದ್ರು ಅಂತ ನಾನೂ ದಿನಾ ವಿಚಾರ ಮಾಡೇನಿ. ಇವತ್ತ ಗೊತ್ತಾತು. ನೀವು ಹೋಗಿದ್ರ ಅಕ್ಕಾರು ಈ ಜಾಗಾದಾಗ ಕುಂದರತಿದ್ರು. ಅದನ್ನ ನಾ ಹ್ಯಾಂಗ ಬೇಡಲಿ?” ಆಮೇಲೆ ಇಬ್ಬರೂ ಅತ್ತರು. ಆ ಮನೆಯಲ್ಲಿ ತಮ್ಮನ ಹೆಸರು ಮತ್ತೆ ಉಚ್ಚಾರವಾದದ್ದು ಅಂದಿನಿಂದ.

ಬದುಕಿ ಉಳಿದವರನ್ನು ಕಾಡುವ ಈ ಅಪರಾಧಭಾವವನ್ನು ವೈದ್ಯಶಾಸ್ತ್ರ ರೋಗದ ಲಕ್ಷಣಗಳಲ್ಲಿ ಎಣಿಸುತ್ತದೆ. ಜೈನ ಧರ್ಮಕ್ಕೆ ಅದನ್ನು ತೂಗುವ ತಕ್ಕಡಿಯೂ ಇದೆ. ಪ್ರಮಾದದ ಯೋಗದಿಂದ ಪ್ರಾಣಗಳಿಗೆ ಘಾತವಾದಾಗ ಅದು ಹಿಂಸೆ. ರಾಗದ್ವೇಷಗಳಿಲ್ಲದೆ, ಎಚ್ಚರದಿಂದ ನಡೆಯುವವನ ನಿಮಿತ್ತದಿಂದ ಪ್ರಾಣ ಹೋದರೂ ಅದು ಅವನಿಗೆ ಹಿಂಸೆಯಾಗದೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರ ಸೂರಿಗಳು ವಿಸ್ತರಿಸಿದ್ದಾರೆ. ವಹಿ ತರಲು ತಮ್ಮನನ್ನು ಕಳಿಸುವುದು ಅಣ್ಣಂದಿರು ದಿನವೂ ಮಾಡುವ ಕೆಲಸ. ಅಲ್ಲಿ ದ್ವೇಷವಿಲ್ಲ, ಪ್ರಮಾದವಿಲ್ಲ, ಭೂಮಿ ನಡುಗುವುದೆಂಬ ತಿಳಿವೂ ಇಲ್ಲ. ದುಃಖ ನಿಜ, ದೋಷ ನಿಜವಲ್ಲ. ಇದನ್ನು ಸಮಯಕ್ಕೆ ಸರಿಯಾಗಿ ಯಾರಾದರೂ ಮೃದುವಾಗಿ ಹೇಳಿದ್ದರೆ ಒಂದು ಜೀವ ಮೂರು ವರ್ಷ ತನ್ನನ್ನು ತಾನೇ ದಂಡಿಸಿಕೊಳ್ಳುವುದು ತಪ್ಪುತ್ತಿತ್ತು.

ಬಸದಿಯ ವಿಶ್ವಸ್ತ ಮಂಡಳಿ ತನ್ನ ಕಡೆಯಿಂದ ಮಾಡಿದ್ದು ಸಣ್ಣ ಕೆಲಸಗಳು. ಮುಖಮಂಟಪದ ಪಕ್ಕದ, ಬಹುಕಾಲ ಮುಚ್ಚಿದ್ದ ಬಾಗಿಲನ್ನು ತೆರೆದಿಡಲಾಯಿತು. ಹೊರಗೆ ಹೋಗುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ ಒಳಗೆ ನಿಲ್ಲಲು ಧೈರ್ಯ ಬರುತ್ತದೆ. ಗಾರೆಯ ಕೆಲಸ ಇರುವ ದಿನ ಮುಂಚಿತವಾಗಿ ಮನೆಗೆ ಹೇಳಿ ಕಳಿಸುತ್ತಿದ್ದರು. ಶ್ರದ್ಧೆಯ ಮಾತನಾಡಿದ್ದ ಹಿರಿಯ ವಿಶ್ವಸ್ತರು ಒಂದು ಬೆಳಿಗ್ಗೆ ತಾವೇ ಅವರ ಮನೆಗೆ ಹೋಗಿ, ಏನನ್ನೂ ಕೇಳದೆ, ಜೊತೆಯಲ್ಲಿ ನಡೆಯುತ್ತ ಮಾನಸ್ತಂಭದವರೆಗೆ ಬಂದರು. ಮರುದಿನವೂ ಬಂದರು. ಇಪ್ಪತ್ತೆರಡನೆಯ ದಿನ ವ್ಯಾಪಾರಿಗಳು ಹೊಸ್ತಿಲು ದಾಟಿದರು.

ದೇವಾಲಯದ ಟ್ರಸ್ಟುಗಳೂ ಕುಟುಂಬಗಳೂ ಇದರಿಂದ ಗ್ರಹಿಸಬೇಕಾದ ಅಂಶಗಳು ಕೆಲವು. ಪ್ರವಾಹ, ಅಪಘಾತ, ಬೆಂಕಿ ಅಥವಾ ಹಿಂಸೆಯಿಂದ ಪಾರಾಗಿ ಬಂದವರಿಗೆ ಮೊದಲು ಬೇಕಾದದ್ದು ಊಟ, ನಿದ್ರೆ, ತಲೆಯ ಮೇಲೊಂದು ಸೂರು, ತಮ್ಮವರ ಸಂಗ. ಕಂಡದ್ದನ್ನು ಹೇಳೆಂದು ಒತ್ತಾಯಿಸಬಾರದು. ಹೇಳಲು ಬಂದರೆ ನಡುವೆ ಬಾಯಿ ಹಾಕದೆ ಕೇಳಬೇಕು. ನಿಧಿ ಸಂಗ್ರಹಕ್ಕಾಗಿ ಅವರನ್ನು ವೇದಿಕೆಗೆ ಏರಿಸಕೂಡದು. ಒಂದು ತಿಂಗಳು ಕಳೆದ ಮೇಲೂ ದುಃಸ್ವಪ್ನ, ಬೆಚ್ಚುವಿಕೆ, ಮಂಕುತನ ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಲು ನಾಚಬಾರದು. 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ದೂರವಾಣಿ ಸೇವೆ, ಸಂಖ್ಯೆ 14416, ಉಚಿತ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂಬುದನ್ನು ವ್ಯಾಪಾರಸ್ಥರು ತಿಳಿದಿರುವುದು ಒಳ್ಳೆಯದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ಮೊದಲ ಮೂರಕ್ಕೆ ಪ್ರತಿಯೊಂದು ಟ್ರಸ್ಟಿನ ಜಮಾಖರ್ಚಿನಲ್ಲಿ ಒಂದೊಂದು ಖಾತೆಯಿದೆ. ಅಭಯದಾನವೆಂದೊಡನೆ ಕಸಾಯಿಖಾನೆಗೆ ಹೊರಟ ದನವನ್ನು ಬಿಡಿಸುವುದಷ್ಟೇ ನೆನಪಿಗೆ ಬರುತ್ತದೆ, ಅದು ಪುಣ್ಯಕಾರ್ಯವೇ. ಆದರೆ ಪಕ್ಕದ ಮನೆಯಲ್ಲಿ ಬಾಗಿಲು ತೆರೆದಿಟ್ಟು ಚಪ್ಪಲಿ ಹಾಕಿಕೊಂಡು ಮಲಗುವ ಮನುಷ್ಯನೂ ಅಭಯವನ್ನು ಬೇಡುತ್ತಿರುವ ಜೀವವೇ. ಅ ದಾನಕ್ಕೆ ಹಣ ಬೇಕಿಲ್ಲ. ಚುಚ್ಚು ಮಾತನ್ನು ತಡೆಹಿಡಿಯುವ ನಾಲಿಗೆ, ಮಾನಸ್ತಂಭದವರೆಗೆ ಜೊತೆಯಲ್ಲಿ ನಡೆಯುವ ಕಾಲು ಇದ್ದರೆ ಸಾಕು.

ಆ ವ್ಯಾಪಾರಿಗಳು ಈಗ ಎಪ್ಪತ್ತು ದಾಟಿದ್ದಾರೆ. ಅಂಗಡಿಯಲ್ಲಿ ಬಾಂಧಣಿ ಮತ್ತೆ ಮಾರಾಟಕ್ಕಿದೆ. ಅವರು ಇಂದಿಗೂ ಮಹಡಿಯ ಮೇಲೆ ಮಲಗುವುದಿಲ್ಲ. ಆದರೆ ಬಾಗಿಲು ಮುಚ್ಚಿರುತ್ತದೆ, ಚಪ್ಪಲಿ ಹೊರಗೆ ತನ್ನ ಸ್ಥಳದಲ್ಲಿರುತ್ತದೆ. ಪ್ರತಿ ಜನವರಿ 26ರಂದು ಅಂಗಡಿಗೆ ಬೀಗ ಹಾಕಿ, ತಮ್ಮನ ಹೆಸರಿನಲ್ಲಿ ಶಾಲೆಯ ಮಕ್ಕಳಿಗೆ ಸಿಹಿ ಹಂಚುತ್ತಾರೆ. ಆ ದಿನ ಕಿರ್ದಿಯ ಪುಟದಲ್ಲಿ ತಾರೀಖನ್ನು ಅವರೇ ಬರೆಯುತ್ತಾರೆ.